ಮನೆಗೆ ಕಳ್ಳ ಬಂದಾಗ ಕಾನೂನು ಯಾರ ಕಡೆ?

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಜನ ಹಾಸಿಗೆ ಹೊತ್ತುಕೊಂಡು ಮಾಳಿಗೆ ಹತ್ತುತ್ತಾರೆ. ಆ ಧಗೆಯಲ್ಲಿ ಒಳಗೆ ಮಲಗುವುದು ಆಗದ ಮಾತು. ಕೆಳಗೆ ಬಾಗಿಲಿಗೆ ಬೀಗ, ಮೇಲೆ ಮನೆಮಂದಿ, ನಡುವೆ ಒಂದು ಅಳುಕು. ಸಿರುಗುಪ್ಪದ ಕಡೆ ಭತ್ತ ಮಾರಿದ ದುಡ್ಡು ಮನೆ ಸೇರಿದ ವಾರ ಇದೇ ಅಳುಕು. ಕುರುಗೋಡಿನ ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಓಣಿಗೆ ಓಣಿಯೇ ಬಿಕೋ ಎನ್ನುವ ಹಗಲು ಹೊತ್ತಿಗೂ ಅದು ಬಿಡುವುದಿಲ್ಲ. ಎಲ್ಲೋ ಒಂದು ಕಳವು ಆದ ಮರುದಿನ ಚಹಾದಂಗಡಿ ಮುಂದೆ ಮೂರು ಮಾತು ಕೇಳಿಬರುತ್ತವೆ: "ಮನ್ಯಾಗ ಒಂದು ಬಂದೂಕು ಇದ್ರ ಯಾವನ್ ಬರ್ತಾನ್ರೀ?", "ಸಿಕ್ಕವನ್ನ ಅಲ್ಲೇ ಮುಗಿಸ್ಬೇಕು", "ಹೊಡದ್ರ ಕೇಸು ನಮ್ಮ ಮ್ಯಾಲೇ ಆಗತೈತಿ, ಸುಮ್ನಿರ್ರಿ". ಒಬ್ಬನೇ ಮನುಷ್ಯ ಮೂರನ್ನೂ ಹೇಳುವುದುಂಟು. ಮೂರರಲ್ಲೂ ತಪ್ಪು ತಿಳಿವಳಿಕೆ ಇದೆ, ಆ ತಪ್ಪಿಗೆ ಜೀವ ತೆತ್ತವರಿದ್ದಾರೆ.

ತಪ್ಪು ಕಲ್ಪನೆ: ಕಳ್ಳನ ಮೈ ಮುಟ್ಟಿದರೆ ಜೈಲಿಗೆ ಹೋಗುವವರು ನಾವೇ.

ವಾಸ್ತವ: ಈ ಭಯಕ್ಕೆ ಆಧಾರವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಗೇ ಮೀಸಲು. ಹಳೆಯ ದಂಡ ಸಂಹಿತೆಯಲ್ಲಿ ಇವೇ 96ರಿಂದ 106. ಆತ್ಮರಕ್ಷಣೆಗಾಗಿ ಮಾಡಿದ್ದು ಅಪರಾಧವೇ ಅಲ್ಲ ಎಂದು 34ನೇ ಕಲಮು ನೇರವಾಗಿ ಹೇಳುತ್ತದೆ. ನಿಮ್ಮ ಜೀವ ಮತ್ತು ಸೊತ್ತು ಮಾತ್ರವಲ್ಲ, ಪಕ್ಕದ ಮನೆಯವರ ಜೀವ ಮತ್ತು ಸೊತ್ತನ್ನು ಕಾಪಾಡುವ ಹಕ್ಕೂ ನಿಮಗಿದೆ.

ಜೀವ ಹೋಗುವ ಅಥವಾ ಕೈಕಾಲು ಮುರಿಯುವಂಥ ಹಲ್ಲೆಯ ಭಯ, ಅತ್ಯಾಚಾರದ ಯತ್ನ, ಅಪಹರಣ, ಆಸಿಡ್ ದಾಳಿ, ಇಂಥ ಸಂದರ್ಭಗಳಲ್ಲಿ ಎದುರಾಳಿಯ ಪ್ರಾಣ ಹೋದರೂ ಅದು ಹಕ್ಕಿನೊಳಗೇ ಬರುತ್ತದೆ ಎನ್ನುತ್ತದೆ 38ನೇ ಕಲಮು. ಮನೆಯ ವಿಷಯದಲ್ಲಿ 41ನೇ ಕಲಮು ಇನ್ನೂ ಸ್ಪಷ್ಟ. ಸುಲಿಗೆ, ವಾಸದ ಮನೆಗೆ ಬೆಂಕಿ ಹಚ್ಚುವುದು, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುನ್ನ ನಡೆಯುವ ಕನ್ನ ಇವುಗಳಿಗೂ ಅದೇ ಮಟ್ಟದ ರಕ್ಷಣೆ. ಕನ್ನ ಅಂದರೆ ಗೋಡೆ ಕೊರೆಯುವುದು ಮಾತ್ರವಲ್ಲ, ಕಾಂಪೌಂಡ್ ಹಾರಿ ನುಗ್ಗಿದರೂ ಬೀಗ ಮುರಿದರೂ ಕನ್ನವೇ. ಮಾಳಿಗೆಯ ಮೇಲೆ ಮಲಗಿದವರು ಇದನ್ನು ತಿಳಿದಿರಬೇಕು.

ನ್ಯಾಯಾಲಯಗಳೂ ಇದನ್ನು ಮನುಷ್ಯರ ಕಣ್ಣಿನಿಂದಲೇ ನೋಡಿವೆ. 1988ರ ಭಾರತ್ ಬಂದ್ ದಿನ ಕೇರಳದಲ್ಲಿ ಹಿಟ್ಟಿನ ಗಿರಣಿಯೊಂದಕ್ಕೆ ಗುಂಪು ನುಗ್ಗಿತು. ಗಿರಣಿಯವರು ಹಾರಿಸಿದ ಗುಂಡಿಗೆ ಇಬ್ಬರು ಸತ್ತರು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆತ್ಮರಕ್ಷಣೆ ಎಂದು ಒಪ್ಪಿ ಅವರನ್ನು ಬಿಡುಗಡೆ ಮಾಡಿತು. ಅಕ್ಕಿ ಗಿರಣಿಗಳ ಊರಾದ ಸಿರುಗುಪ್ಪದವರಿಗೆ ಈ ಪ್ರಕರಣ ದೂರದ್ದೆನಿಸಲಾರದು. ಕತ್ತಲಲ್ಲಿ, ಮಕ್ಕಳು ಕಿರುಚುತ್ತಿರುವಾಗ, ಏಟು ಎಷ್ಟು ತೂಕದ್ದಿರಬೇಕೆಂದು ತಕ್ಕಡಿ ಹಿಡಿದು ಅಳೆಯಲು ಯಾರಿಂದಲೂ ಆಗದು. ಸುಪ್ರೀಂ ಕೋರ್ಟ್ ಇದನ್ನು ಮತ್ತೆಮತ್ತೆ ಹೇಳಿದೆ.

ಹಾಗಂತ ಕೇಸೇ ಆಗುವುದಿಲ್ಲ ಎಂದಲ್ಲ. ಯಾರಾದರೂ ಗಾಯಗೊಂಡರೆ, ಸತ್ತರೆ ಪೊಲೀಸರು ಎಫ್‌ಐಆರ್ ದಾಖಲಿಸುತ್ತಾರೆ, ತನಿಖೆ ನಡೆಯುತ್ತದೆ. ಎಫ್‌ಐಆರ್ ಎಂದರೆ ಶಿಕ್ಷೆಯಲ್ಲ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ನಿಮ್ಮದೇ ಆದರೂ, ಸರ್ಕಾರದ ಕಡೆಯವರಂತೆ ಸಂಶಯಕ್ಕೆಡೆಯಿಲ್ಲದ ಸಾಕ್ಷ್ಯವನ್ನು ನಿಮ್ಮಿಂದ ಕೇಳುವುದಿಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಮುರಿದ ಬೀಗವನ್ನು ಮುಟ್ಟಬೇಡಿ, ರಕ್ತ ತೊಳೆಯಬೇಡಿ, ಪೊಲೀಸರಿಗೆ ನೀವೇ ಮೊದಲು ಫೋನ್ ಮಾಡಿ.

ತಪ್ಪು ಕಲ್ಪನೆ: ಹೊಸ್ತಿಲು ದಾಟಿದವನನ್ನು ಏನು ಮಾಡಿದರೂ ನಡೆಯುತ್ತದೆ.

ವಾಸ್ತವ: ಮೊದಲನೆಯದಕ್ಕೆ ಪೂರ್ತಿ ತಿರುವುಮುರುವಾದ ತಪ್ಪು ಇದು. ಜನ ಜೈಲು ಪಾಲಾಗುವುದು ಇಲ್ಲಿಯೇ. ಕಾನೂನು ಕೊಟ್ಟಿರುವುದು ತಡೆಯುವ ಹಕ್ಕನ್ನು, ಶಿಕ್ಷಿಸುವ ಹಕ್ಕನ್ನಲ್ಲ. ಮಚ್ಚು ಬೀಸಿದವನ ಕೈಗೆ ಬಡಿಗೆಯಿಂದ ಹೊಡೆದದ್ದು ರಕ್ಷಣೆ. ಮಚ್ಚು ಬಿದ್ದ ಮೇಲೆ, ಅವನ ಕೈ ಕಟ್ಟಿದ ಮೇಲೆ, ಕಂಬಕ್ಕೆ ಬಿಗಿದ ಮೇಲೆ ಬೀಳುವ ಪ್ರತಿ ಏಟೂ ಅಪರಾಧ. ಕಳುವಿನ ಮಾಲಿನೊಂದಿಗೆ ಓಡುವವನನ್ನು ಬೆನ್ನಟ್ಟಬಹುದು, ಕೆಡವಬಹುದು, ಮಾಲು ಕಸಿದುಕೊಳ್ಳಬಹುದು. ಆದರೆ ಬರಿಗೈಲಿ ಓಡುವವನ ಬೆನ್ನಿಗೆ ಕೊಡಲಿ ಎಸೆಯುವಂತಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕಾಪಾಡಿಕೊಳ್ಳಲು ಹೊರಟು ಮಿತಿ ಮೀರಿ ಪ್ರಾಣ ತೆಗೆದರೆ ಅದು ಕೊಲೆಯಲ್ಲದಿದ್ದರೂ ಶಿಕ್ಷಾರ್ಹ ನರಹತ್ಯೆ.

ಹಿಡಿಯುವ ಅಧಿಕಾರ ಸಾಮಾನ್ಯ ನಾಗರಿಕನಿಗೂ ಇದೆ. ಜಾಮೀನು ಸಿಗದ ಗಂಭೀರ ಅಪರಾಧವನ್ನು ನಿಮ್ಮ ಕಣ್ಣೆದುರೇ ಮಾಡಿದವನನ್ನು ಹಿಡಿದು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು. ಆರು ಗಂಟೆಯಿರುವುದು ಠಾಣೆಗೆ ತಲುಪಿಸಲಿಕ್ಕೆ, ಊರವರೆಲ್ಲ ಸರದಿಯಲ್ಲಿ ಬಡಿಯಲಿಕ್ಕಲ್ಲ.

ನಮ್ಮ ಕಲ್ಯಾಣ ಕರ್ನಾಟಕವೇ ಇದರ ಕಹಿ ಉಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದ ಸ್ನೇಹಿತರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ಸುದ್ದಿ ಅವರಿಗಿಂತ ಮುಂಚೆ ಮುರ್ಕಿ ಗ್ರಾಮ ಮುಟ್ಟಿತು. ಗುಂಪಿನ ಕೈಗೆ ಸಿಕ್ಕ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ರಾಜಸ್ಥಾನದಿಂದ ದುಡಿಯಲು ಬಂದವನೊಬ್ಬ ಇಂಥದ್ದೇ ಅನುಮಾನಕ್ಕೆ ಬಲಿಯಾದ. ಹೊಡೆದವರು ತಾವು ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಐವರು ಅಥವಾ ಹೆಚ್ಚು ಜನ ಸೇರಿ ಕೊಂದರೆ ನ್ಯಾಯ ಸಂಹಿತೆಯಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ ಇದೆ. ಬರೀ ಒದ್ದವನು, ಬರೀ ಹಿಡಿದುಕೊಂಡವನು ಎಂದು ಕೊನೆಗೆ ಬೇರೆ ನಿಲ್ಲಲಾಗದು.

ತಪ್ಪು ಕಲ್ಪನೆ: ನನ್ನ ಜಾಗ, ಬೇಲಿಗೆ ಕರೆಂಟ್ ಬಿಟ್ಟರೆ ಕೇಳುವವರಾರು?

ವಾಸ್ತವ: ಬಿಹಾರದಲ್ಲಿ ಒಬ್ಬಾತ ತನ್ನ ಪಾಯಿಖಾನೆಗೆ ಯಾರೂ ಬಾರದಿರಲೆಂದು ಕರೆಂಟಿನ ತಂತಿ ಎಳೆದಿದ್ದ. ತಾಗಿ ಸತ್ತದ್ದು ನೆರೆಮನೆಯ ಹೆಂಗಸು. ಅತಿಕ್ರಮಿಸಿ ಬಂದವರಿಗೂ ಜೀವದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1963ರಲ್ಲೇ ಅವನ ಶಿಕ್ಷೆ ಎತ್ತಿಹಿಡಿಯಿತು. ತಂತಿಗೆ ಕಳ್ಳ, ಕುರಿ ಕಾಯುವ ಹುಡುಗ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವ ಎಂಬ ಭೇದ ಗೊತ್ತಿಲ್ಲ. ಹಂದಿಗೆಂದು ಬಿಟ್ಟ ತಂತಿಗೆ ಮನೆಯ ಮಗನೇ ಬೀಳಬಹುದು.

ತಪ್ಪು ಕಲ್ಪನೆ: ಬಂದೂಕು ಇಟ್ಟುಕೊಳ್ಳುವುದು ನಮ್ಮ ಹಕ್ಕು. ದುಡ್ಡು ಕಟ್ಟಿದರೆ ಲೈಸೆನ್ಸ್ ಬರುತ್ತದೆ.

ವಾಸ್ತವ: ಅಮೆರಿಕದ ಸಂವಿಧಾನದಲ್ಲಿ ಇರುವಂಥ ಹಕ್ಕು ನಮ್ಮಲ್ಲಿಲ್ಲ. 2023ರಲ್ಲಿ ಲೈಸೆನ್ಸ್ ಇಲ್ಲದ ಬಂದೂಕುಗಳ ಬಗ್ಗೆ ತಾನಾಗಿಯೇ ವಿಚಾರಣೆಗೆ ತೊಡಗಿದ ಸುಪ್ರೀಂ ಕೋರ್ಟ್ ಇದನ್ನೇ ನೆನಪಿಸಿತು. ಇಲ್ಲಿ ನಡೆಯುವುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಅವರು ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ವಯಸ್ಸು 21 ತುಂಬಿರಬೇಕು, ಆಯುಧ ಬಳಕೆಯ ಸುರಕ್ಷತಾ ತರಬೇತಿ ಆಗಿರಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ 5 ವರ್ಷ. ಚುನಾವಣೆ ಬಂದರೆ ಆಯುಧವನ್ನು ಠಾಣೆಯಲ್ಲಿ ಒಪ್ಪಿಸುವ ಆದೇಶ ಬರುತ್ತದೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಇಲ್ಲದ ನಾಡ ಬಂದೂಕು ಮನೆಯಲ್ಲಿ ಸಿಕ್ಕರೆ ಸಾಮಾನ್ಯವಾಗಿ 2ರಿಂದ 5 ವರ್ಷ.

"ಕೊಡಗಿನವರಿಗೆ ಹೇಗೆ ಸಿಗುತ್ತದೆ?" ಎಂದು ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವುದು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಅದಕ್ಕೂ 2029ರ ಅಕ್ಟೋಬರ್ 31ರ ಗಡುವು ಇದೆ. ನಮ್ಮ ಸೀಮೆಯ ಚರಿತ್ರೆ ಬೇರೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ದತ್ತ ಮಂಡಲಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಮೊದಲು ಕೈ ಹಾಕಿದ್ದೇ ಪಾಳೇಗಾರರ ಸಶಸ್ತ್ರ ದಂಡುಗಳನ್ನು ಮುರಿಯುವ ಕೆಲಸಕ್ಕೆ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಕಂಪನಿಗೆ ತಿರುಗಿಬಿದ್ದ ಹಲಗಲಿಯ ಬೇಡರನ್ನು ಸಾಲಾಗಿ ಗಲ್ಲಿಗೇರಿಸಿದರು. ಆಯುಧವೆಂದರೆ ಮಾನ ಎಂಬ ಭಾವನೆ ಈ ನೆಲದಲ್ಲಿ ಸುಮ್ಮನೆ ಬಂದದ್ದಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಎದುರಿಸಿದ್ದು ಪರಕೀಯ ಸೈನ್ಯವನ್ನು. ನಮ್ಮ ಓಣಿಗೆ ಬರುವವನು ಗೇಟಿನ ಚಿಲಕ ಹುಡುಕುವ ಕಳ್ಳ.

ಮನೆಯ ಈಳಿಗೆ, ಹೊಲದ ಕುಡಗೋಲು, ಕೊಡಲಿಗೆ ಲೈಸೆನ್ಸ್ ಬೇಡ. ಮೆಣಸಿನ ಸ್ಪ್ರೇಗೂ ಬೇಡ. ಆದರೆ ಅದೂ ಆಟದ ಸಾಮಾನಲ್ಲ: ಜೀವಕ್ಕೆ ಅಪಾಯವಿಲ್ಲದ ಜಗಳದಲ್ಲಿ ಅದನ್ನು ಬಳಸಿದವರ ಮೇಲಿನ ಕೇಸು ರದ್ದುಪಡಿಸಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, ಅದನ್ನು ಅಪಾಯಕಾರಿ ಆಯುಧವೆಂದೇ ಕರೆಯಿತು.

ತಪ್ಪು ಕಲ್ಪನೆ: ಬಂದೂಕಿದ್ದ ಮನೆಯೇ ಸುರಕ್ಷಿತ ಮನೆ.

ವಾಸ್ತವ: ಕೌಲ್ ಬಜಾರ್, ಬ್ರೂಸ್‌ಪೇಟೆಯ ಒತ್ತಿಕೊಂಡ ಮನೆಗಳನ್ನು ನೆನೆಸಿಕೊಳ್ಳಿ. ನಿದ್ದೆಗಣ್ಣಿನಲ್ಲಿ, ಕರೆಂಟು ಹೋದ ರಾತ್ರಿ ಹಾರಿಸಿದ ಗುಂಡು ಯಾವ ಬಾಗಿಲು ತೂರಿ ಯಾರ ತೊಟ್ಟಿಲ ಬಳಿ ನಿಲ್ಲುತ್ತದೋ ಹೇಳುವವರಿಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕು ಹುಡುಗನೊಬ್ಬನ ಕೈಯಲ್ಲಿ ಸಿಡಿದು ನಾಲ್ಕು ವರ್ಷದ ಮಗು ಸತ್ತಿತು.

ಇನ್ನೊಂದು ಸತ್ಯ ಹೇಳಲು ಕಷ್ಟ, ಹೇಳದಿರಲು ಇನ್ನೂ ಕಷ್ಟ. ನಮ್ಮ ಜಿಲ್ಲೆಯನ್ನು ನಡುಗಿಸಿದ ದೊಡ್ಡ ಹತ್ಯೆಗಳಲ್ಲೊಂದು ಹೊರಗಿನಿಂದ ಬಂದದ್ದಲ್ಲ. 2017ರಲ್ಲಿ ಕಂಪ್ಲಿ ಠಾಣೆ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಹೆಂಡತಿ, ಆಕೆಯ ಸೋದರಿ, ಮೂವರು ಮಕ್ಕಳು ಸತ್ತದ್ದು ಮನೆಯ ಯಜಮಾನನ ಕೈಯಲ್ಲಿ, ಶೀಲದ ಮೇಲಿನ ಅನುಮಾನಕ್ಕೆ. ಅಂಥ ಮನೆಗಳಲ್ಲಿ ಆಯುಧ ಯಾರ ರಕ್ಷಣೆಗೆ ಇರುತ್ತದೆ? ಕಳ್ಳನ ಭಯದಷ್ಟೇ ಗಂಭೀರವಾಗಿ, ಪಕ್ಕದ ಮನೆಯಿಂದ ರಾತ್ರಿ ಕೇಳುವ ಹೆಂಗಸಿನ ಕೂಗಿಗೂ ನಾವು ಎದ್ದು ಬಾಗಿಲು ತಟ್ಟಬೇಕು.

ತಪ್ಪು ಕಲ್ಪನೆ: ಗಲ್ಲಾದರೆ ಮಾತ್ರ ಶಿಕ್ಷೆ. ಜೀವಾವಧಿ ಅಂದರೆ 14 ವರ್ಷ ಉಂಡು ಹೊರಗೆ ಬರುವುದು.

ವಾಸ್ತವ: ಅದೇ ಕಂಪ್ಲಿ ಪ್ರಕರಣ ನೋಡಿ. ಬಳ್ಳಾರಿಯ ಸೆಷನ್ಸ್ ನ್ಯಾಯಾಲಯ 2019ರಲ್ಲಿ ಗಲ್ಲು ವಿಧಿಸಿತು. ಧಾರವಾಡದ ಹೈಕೋರ್ಟ್ ಪೀಠ 2023ರಲ್ಲಿ ಕಾಯಂ ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು, ಆದರೆ ಬಿಡುಗಡೆ ಮಾಡಲಿಲ್ಲ. ಕ್ಷಮೆಯಿಲ್ಲದೆ, ಸಾಯುವವರೆಗೆ ಸೆರೆಮನೆ ಎಂದಿತು. ಈ ಬಗೆಯ ಶಿಕ್ಷೆಗೆ ದಾರಿ ಮಾಡಿದ್ದೂ ಕರ್ನಾಟಕದ ಪ್ರಕರಣವೇ. ಬೆಂಗಳೂರಿನಲ್ಲಿ 1991ರಲ್ಲಿ ನಡೆದ ಶಾಕೆರೆ ಖಲೀಲಿ ಕೊಲೆಯ ತೀರ್ಪನ್ನು ಸುಪ್ರೀಂ ಕೋರ್ಟ್ ಕೊಟ್ಟದ್ದು 2008ರಲ್ಲಿ.

ಜೀವಾವಧಿಯೆಂದರೆ ಮೂಲದಲ್ಲಿ ಜೀವ ಇರುವ ತನಕ. ಮರಣದಂಡನೆಯೂ ಆಗಬಹುದಾಗಿದ್ದ ಅಪರಾಧಗಳಲ್ಲಿ, ಬಿಡುಗಡೆಯ ವಿಚಾರ ಎತ್ತಬೇಕಾದರೂ ಕನಿಷ್ಠ 14 ವರ್ಷ ಕಳೆದಿರಬೇಕು ಎಂಬುದಷ್ಟೇ ಕಾನೂನು. ಬಿಡಲೇಬೇಕು ಎಂದಲ್ಲ. ಗಲ್ಲಿನ ವಿಷಯದಲ್ಲಿ ಅತ್ಯಪರೂಪದಲ್ಲಿ ಅಪರೂಪ ಎಂಬ ಅಳತೆಗೋಲನ್ನು ಸುಪ್ರೀಂ ಕೋರ್ಟ್ 1980ರಲ್ಲೇ ಇಟ್ಟಿದೆ.

ವರ್ಷಗಟ್ಟಲೆ ಕಾಯುವ ಕುಟುಂಬಗಳ ಸಂಕಟ ನನಗೆ ಅರ್ಥವಾಗುತ್ತದೆ. ಆ ವಿಳಂಬವೇ ಜನರನ್ನು ಇನ್ನೊಂದು ತಪ್ಪಿಗೆ ತಳ್ಳುತ್ತಿದೆ.

ತಪ್ಪು ಕಲ್ಪನೆ: ಎನ್‌ಕೌಂಟರೇ ತಕ್ಷಣದ ನ್ಯಾಯ.

ವಾಸ್ತವ: 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆ ನಡೆದ ದಿನವೇ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಜನ ಸಂಭ್ರಮಿಸಿದರು. ಆ ಮಗುವಿಗಾಗಿ ಅತ್ತವರಲ್ಲಿ ನಾನೂ ಒಬ್ಬ. ಆದರೆ 2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಬಳಿ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗಲೂ ಜನ ಪೊಲೀಸರ ಮೇಲೆ ಹೂ ಸುರಿದಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದಿತು. ಸತ್ತ ಆರೋಪಿಯನ್ನು ಯಾರೂ ಪ್ರಶ್ನಿಸಲಾರರು. ಜೊತೆಗಿದ್ದವರಾರು, ನಿಜವಾಗಿ ಮಾಡಿದವನು ಅವನೇನಾ ಎಂಬುದೂ ಅವನೊಂದಿಗೆ ಹೋಗುತ್ತದೆ. ಆತ್ಮರಕ್ಷಣೆಯ ಅಳತೆಗೋಲು ಪೊಲೀಸರಿಗೂ ನಮಗೂ ಒಂದೇ. ಗುಂಡು ತಡೆಯಲಿಕ್ಕೇ ಹಾರಿರಬೇಕು.

ಈ ಎಲ್ಲ ಕೂಗಾಟದಲ್ಲಿ ಯಾರೂ ಎತ್ತದ ಮಾತೊಂದಿದೆ. ಗಾಯಗೊಂಡವರ, ಸತ್ತವರ ಮನೆಯವರ ಗತಿಯೇನು? ಅಪರಾಧಿ ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು ಅದಕ್ಕೇ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಮನೆಗೆ ಅಪಾಯ ಬಂದ ಗಳಿಗೆಯಲ್ಲಿ ಕರೆಯಬೇಕಾದ ಸಂಖ್ಯೆ 112, ಕಾನೂನು ನೆರವಿಗೆ 15100. ಎರಡನ್ನೂ ಇವತ್ತೇ ಮನೆಯ ಹಿರಿಯರ ಫೋನಿನಲ್ಲಿ ಉಳಿಸಿಕೊಡಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿ.