ಅಬ್ಬಾನ ಉಬ್ಬಸ, ಮನೆಯವರ ಸಹನೆ

ಶಿಡ್ಲಘಟ್ಟದ ನಮ್ಮ ಮೊಹಲ್ಲಾಗಳಲ್ಲಿ ರೇಷ್ಮೆಯ ನಂಟಿಲ್ಲದ ಮನೆಗಳು ಕಡಿಮೆ. ಫಜ್ರ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ಒಲೆ ಹತ್ತಿರುತ್ತದೆ, ಗೂಡು ಬೇಯುವ ವಾಸನೆ ಬೀದಿಗೆಲ್ಲ ಹರಡಿರುತ್ತದೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಅನ್ನದ ವಾಸನೆ. ಆದರೆ ಆ ಹಬೆಯೇ ಕೆಲವರ ಎದೆಯಲ್ಲಿ ಉಬ್ಬಸವಾಗಿ ಕೂರುತ್ತದೆ. ನೂಲಿಗೆ ಅಂಟಿಕೊಂಡಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಕರಗುತ್ತದೆ. ಗೂಡಿನ ಮತ್ತು ಹುಳುವಿನ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಸೇರುತ್ತವೆ. ಕೆಲವರ ದೇಹಕ್ಕೆ ಇವು ಒಗ್ಗುವುದಿಲ್ಲ. ಜೊತೆಗೆ ಸೌದೆಯ ಹೊಗೆ ಬೇರೆ. ರೇಷ್ಮೆ ಬಿಚ್ಚುವ ಕೆಲಸಗಾರರಲ್ಲಿ ಉಬ್ಬಸ ಹೆಚ್ಚಾಗಿರುವುದನ್ನು ಬೆಂಗಳೂರಿನ ವಿಜ್ಞಾನಿಗಳು 1985ರಷ್ಟು ಹಿಂದೆಯೇ ಬರೆದು ಪ್ರಕಟಿಸಿದ್ದರು. ಆ ಮಾತು ನಮ್ಮ ಬೀದಿಗಳಿಗೆ ಬಂದು ಮುಟ್ಟಲೇ ಇಲ್ಲ.

ನಾನು ಬಲ್ಲ ಒಂದು ಕುಟುಂಬವಿದೆ. ಹೆಸರು ಬೇಡ. ಯಜಮಾನರಿಗೆ ಐವತ್ತು ದಾಟಿದೆ. ಹನ್ನೆರಡನೇ ವಯಸ್ಸಿಗೇ ಚರಕ ತಿರುಗಿಸಲು ಕೂತವರು. ಮುಂದಿನ ಕೋಣೆಯಲ್ಲಿ ಬೇಸಿನ್, ಹಿಂದಿನ ಕೋಣೆಯಲ್ಲಿ ಸಂಸಾರ. ಮೊದಲು ಕೆಮ್ಮು ಬಂತು. ಆಮೇಲೆ ರಾತ್ರಿ ಮಲಗಿದರೆ ಉಸಿರು ಕಟ್ಟುವುದು ಶುರುವಾಯಿತು. ಎರಡು ವರ್ಷ ಅವರು ಅದನ್ನು ಹೊರಗೆ ಹೇಳಲಿಲ್ಲ. ಏಕೆಂದರೆ ಕಾಯಿಲೆಯವನೆಂದು ತಿಳಿದರೆ ಮುಂಗಡ ಕೊಡುವವರು ಹಿಂದೆ ಸರಿಯುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. "ಹುಡುಗಿಯ ಅಬ್ಬಾಗೆ ದಮ್ಮಂತೆ" ಎಂಬ ಒಂದು ಮಾತು ಸಾಕಲ್ಲವೇ, ಸಂಬಂಧ ಮುರಿಯಲು? ಕೇಳಿದವರಿಗೆಲ್ಲ ಅವರು "ಸಬ್ರ್ ಮಾಡ್ತಾ ಇದ್ದೀನಿ ಹಜರತ್" ಎನ್ನುತ್ತಿದ್ದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸಹನೆಯ ಮಾತು ಬಂದಾಗಲೆಲ್ಲ ಪ್ರವಾದಿ ಅಯ್ಯೂಬ್(ಅ)ರ ಹೆಸರು ಬರುತ್ತದೆ. ಅವರ ದೇಹಕ್ಕೆ ಹುಳ ಬಿದ್ದಿತ್ತೆಂದು ನಮ್ಮ ಭಾಷಣಕಾರರು ಬಣ್ಣಿಸುತ್ತಾರೆ. ಕುರ್‌ಆನ್‌ನಲ್ಲಿ ಹುಳದ ಮಾತೇ ಇಲ್ಲ, ಕಾಯಿಲೆಯ ಹೆಸರೂ ಇಲ್ಲ. ಇರುವುದು ಬೇರೆ. ತನಗೆ ಕಷ್ಟ ತಟ್ಟಿದೆಯೆಂದು ಅವರು ತಮ್ಮ ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಹಾಗೆ ಹೇಳಿಕೊಂಡವರನ್ನೇ ಅಲ್ಲಾಹನು ಸಹನಶೀಲರೆಂದು ಹೊಗಳಿದ್ದಾನೆ. ಅಷ್ಟೇ ಅಲ್ಲ, ಗುಣವಾಗುವ ಮೊದಲು ಅವರಿಗೆ ಒಂದು ಕೆಲಸ ಹೇಳಲಾಯಿತು: ಕಾಲಿನಿಂದ ನೆಲವನ್ನು ಒದೆಯುವುದು. ಅಲ್ಲಿ ಸ್ನಾನಕ್ಕೂ ಕುಡಿಯಲಿಕ್ಕೂ ನೀರು ದೊರೆಯಿತು. ನೋವನ್ನು ನುಂಗಿಕೊಂಡು ಮೂಲೆಯಲ್ಲಿ ಕೂರುವುದನ್ನು ಸಬ್ರ್ ಎಂದು ನಾವು ಎಲ್ಲಿಂದ ಕಲಿತೆವೋ!

ಚಿಕಿತ್ಸೆ ಪಡೆಯಬಹುದೇ ಎಂದು ಕೇಳಲು ಬಂದ ಗ್ರಾಮೀಣರಿಗೆ ಪ್ರವಾದಿ(ಸ)ರು ಚಿಕಿತ್ಸೆ ಪಡೆಯಿರಿ ಎಂದೇ ಹೇಳಿದರು. ವೃದ್ಧಾಪ್ಯವೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆಂದು ತಿಳಿಸಿದರು.

ಈ ಕುಟುಂಬವೂ ಮದ್ದು ಹುಡುಕಿತು, ಆದರೆ ಸುತ್ತು ದಾರಿಯಲ್ಲಿ. ತಾಯಿತ ಕಟ್ಟಿಸಿದರು. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬಂದರು. ಅದರಿಂದ ಉಬ್ಬಸ ವಾಸಿಯಾಗುತ್ತದೆಂದು ವೈದ್ಯಶಾಸ್ತ್ರದಲ್ಲಿ ಸಾಬೀತಾಗಿಲ್ಲ. ಕೊನೆಗೆ ಒಂದು ಚಳಿಗಾಲದ ರಾತ್ರಿ ತುಟಿ ನೀಲಿಗಟ್ಟಿ, ಒಂದು ಮಾತು ಪೂರ್ತಿ ಹೇಳಲೂ ಉಸಿರಿಲ್ಲದೆ ಹೋದಾಗ ಮಗ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಆರು ದಿನ ಆಕ್ಸಿಜನ್ ಮೇಲಿದ್ದರು.

ಡಾಕ್ಟರು ಎರಡು ಇನ್‌ಹೇಲರ್ ಬರೆದುಕೊಟ್ಟರು. ನಮ್ಮ ಕಡೆ ಇದನ್ನು ಪಂಪ್ ಎನ್ನುತ್ತಾರೆ. ಅದರ ಬಗ್ಗೆ ದೊಡ್ಡ ಹೆದರಿಕೆಯೂ ಇದೆ, ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂದು. ಇದು ತಪ್ಪು ತಿಳುವಳಿಕೆ. ಮಾತ್ರೆ ದೇಹವನ್ನೆಲ್ಲ ಸುತ್ತಿ ಬರಬೇಕು, ಪಂಪಿನ ಮದ್ದು ಬಹಳ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡರಲ್ಲಿ ಒಂದು ದಮ್ಮು ಬಂದಾಗ ತಕ್ಷಣ ಆರಾಮ ಕೊಡುವುದು. ಇನ್ನೊಂದು ದಮ್ಮೇ ಬಾರದಂತೆ ತಡೆಯುವುದು, ಅದನ್ನು ಆರಾಮವಿದ್ದಾಗಲೂ ದಿನಾ ತೆಗೆದುಕೊಂಡು ಬಾಯಿ ಮುಕ್ಕಳಿಸಬೇಕು. ನಮ್ಮವರು ಮಾಡುವುದು ತಿರುವುಮುರುವು: ಆರಾಮ ಕೊಡುವುದನ್ನು ಮತ್ತೆ ಮತ್ತೆ ಎಳೆಯುತ್ತಾರೆ, ತಡೆಯುವುದನ್ನು ದುಡ್ಡು ದಂಡವೆಂದು ಬಿಟ್ಟುಬಿಡುತ್ತಾರೆ. ಜನೌಷಧಿ ಅಂಗಡಿಗಳಲ್ಲಿ ಇವು ಕಡಿಮೆ ಬೆಲೆಗೆ ದೊರೆಯುತ್ತವೆ, ವಿಚಾರಿಸಿ ನೋಡಬೇಕು.

ಆ ಮನೆಯಲ್ಲಿ ಮುಂದೆ ಏರ್ಪಾಡೇ ಬದಲಾಯಿತು. ಯಜಮಾನರು ಬೇಸಿನ್ ಮುಂದೆ ಕೂರುವುದನ್ನು ನಿಲ್ಲಿಸಿದರು. ಮಾರುಕಟ್ಟೆಗೆ ಹೋಗಿ ಗೂಡು ನೋಡಿ ಕೊಳ್ಳುವುದು, ಲೆಕ್ಕ ಬರೆಯುವುದು ಅವರ ಪಾಲಿಗೆ ಬಂತು. ಒಲೆಗೆ ಎತ್ತರದ ಚಿಮಣಿ ಬಂತು, ಮಲಗುವ ಕೋಣೆಗೂ ಕೆಲಸದ ಕೋಣೆಗೂ ನಡುವೆ ಗೋಡೆ ಎದ್ದಿತು. ಗೋಡೆಯ ಖರ್ಚಿಗೆ ಗೌರಿಬಿದನೂರಿನಲ್ಲಿರುವ ತಮ್ಮ ಸಾಲ ಕೊಟ್ಟ. ಹಿರಿಯ ಮಗಳ ಸಂಬಂಧದ ಮಾತು ಬಂದಾಗ ತಾಯಿಯೇ ಬೀಗರ ಮುಂದೆ ಕಾಯಿಲೆಯ ವಿಷಯ ಹೇಳಿದರು. ಒಬ್ಬರು ಎದ್ದು ಹೋದರು. ಇನ್ನೊಬ್ಬರು, "ನಮ್ಮ ಮನೆಯಲ್ಲೂ ಇದೆ ಬೆಹನ್" ಎಂದರು. ಅಲ್ಲೇ ನಿಕಾಹ್ ಆಯಿತು.

ರಮಝಾನಿನಲ್ಲಿ ಅವರಿಗೆ ದೊಡ್ಡ ಸಂಕಟ. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಹನಫೀ ವಿದ್ವಾಂಸರಲ್ಲಿ ಹೆಚ್ಚಿನವರು ಮುರಿಯುತ್ತದೆ ಎನ್ನುತ್ತಾರೆ. ಆದರೆ ರೋಗಿಗೆ ವಿನಾಯಿತಿ ಕುರ್‌ಆನ್ ಕೊಟ್ಟಿದ್ದು, ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮುಂದೆ ಶಕ್ತಿ ಬಂದರೆ ಕಝಾ, ಬರುವ ಆಸೆಯಿಲ್ಲದಿದ್ದರೆ ದಿನಕ್ಕೊಬ್ಬ ಬಡವನಿಗೆ ಊಟದ ಫಿದ್ಯಾ. ನಮಾಝಿನಲ್ಲೂ ಹಾಗೆಯೇ. ಇಮ್ರಾನ್ ಬಿನ್ ಹುಸೈನ್(ರ) ದೀರ್ಘಕಾಲ ಕಾಯಿಲೆ ಅನುಭವಿಸಿದ ಸಹಾಬಿ. ನಿಲ್ಲಲಾಗದಿದ್ದರೆ ಕೂತು, ಕೂರಲಾಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ)ರು ಅವರಿಗೆ ಹೇಳಿದ್ದು ಬುಖಾರಿಯಲ್ಲಿದೆ. ಇಷ್ಟು ಸಡಿಲಿಕೆಯಿದ್ದೂ ಮೊದಲ ವರ್ಷ ಅವರು ಹಠ ಹಿಡಿದು ಉಪವಾಸವಿದ್ದು ಏಳನೇ ದಿನಕ್ಕೆ ಮತ್ತೆ ಆಸ್ಪತ್ರೆ ಸೇರಿದರು. ಈಗ ಮಸೀದಿಯಲ್ಲಿ ಸಾಲಿನ ಕೊನೆಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಯಜಮಾನರ ಸಹನೆಯನ್ನು ಎಲ್ಲರೂ ಹೊಗಳುತ್ತಾರೆ. ಅವರ ಪತ್ನಿಯ ಬಗ್ಗೆ ಕೇಳಿದವರು ಎಷ್ಟು ಮಂದಿ? ಇಷ್ಟು ವರ್ಷ ರಾತ್ರಿ ಉಸಿರಿನ ಸದ್ದು ಬದಲಾದರೆ ಎಚ್ಚರವಾಗುವುದು ಅವರಿಗೆ. ರೋಗಿಯನ್ನು ನೋಡಲು ಬಂದವರಿಗೆಲ್ಲ ಚಹಾ ಮಾಡುವವರೂ ಅವರೇ. ರೋಗಿಯ ಸಂದರ್ಶನಕ್ಕೆ ಪುಣ್ಯವಿದೆ ನಿಜ, ಒಂದು ಗಂಟೆ ಕೂತು ಸತ್ತವರ ಕಥೆ ಹೇಳುವುದಕ್ಕಿಲ್ಲ.

ಚಿಂತಾಮಣಿಯಲ್ಲಿರುವ ನಾದಿನಿ ಈ ಸೂಕ್ಷ್ಮ ಅರಿತವಳು. ಈಗ ತಿಂಗಳಿಗೆ ನಾಲ್ಕು ದಿನ ಬಂದು ಅಣ್ಣನ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. "ಭಾಭಿ, ನೀವು ಬಾಗಿಲು ಹಾಕ್ಕೊಂಡು ಮಲಗಿ" ಎನ್ನುತ್ತಾಳೆ. ಮೊದಲ ಸಲ ಹಾಗೆ ಮಲಗಿದ ಭಾಭಿ ಫಜ್ರ್‌ನ ಅಝಾನ್ ಆಗುವವರೆಗೆ ಎದ್ದಿರಲಿಲ್ಲವಂತೆ.