ಐರ್ಲೆಂಡಿನ ದೊಡ್ಡಮನೆಯ ಅತಿಥಿಸತ್ಕಾರ

ಐರ್ಲೆಂಡಿನ ಗ್ರಾಮಾಂತರಗಳಲ್ಲಿ ಭೂಸ್ವಾಮಿಗಳು ವಾಸಿಸುತ್ತಿದ್ದ ಸೌಧವನ್ನು ಅಲ್ಲಿಯ ಜನರು ‘ದೊಡ್ಡಮನೆ’ ಎಂಬ ಅರ್ಥವುಳ್ಳ ಮಾತಿನಿಂದಲೇ ಕರೆಯುತ್ತಿದ್ದರು. ಆ ದೇಶದ ನವೀನ ಸಾಹಿತ್ಯವನ್ನು ಬೋಧಿಸುವವರಿಗೆ ಈ ಮನೆಗಳ ಭೋಜನಶಾಲೆಯ ಪರಿಚಯವು ಆವಶ್ಯಕವಾದುದು. ಏಕೆಂದರೆ ಆ ಸಾಹಿತ್ಯದ ಒಂದು ಭಾಗವು ಅಲ್ಲಿಯೇ ಪೋಷಣೆಯನ್ನು ಪಡೆಯಿತು.

ಮೊದಲು ಭೋಜನಕ್ರಮವನ್ನು ನೋಡೋಣ. 18ನೆಯ ಶತಮಾನದಲ್ಲಿ ಫ್ರೆಂಚ್ ಪದ್ಧತಿಯು ರೂಢಿಯಲ್ಲಿದ್ದಿತು. ಅದರಂತೆ ಒಂದು ಸರದಿಯ ಭಕ್ಷ್ಯಗಳೆಲ್ಲವನ್ನೂ ಮೇಜಿನ ಮೇಲೆ ಒಮ್ಮೆಗೇ ಅಂದವಾಗಿ ಜೋಡಿಸಿಡುತ್ತಿದ್ದರು. ಉಣ್ಣುವವರು ಸಮೀಪದ ಪಾತ್ರೆಗಳಿಂದ ತಾವೂ ಬಡಿಸಿಕೊಂಡು ನೆರೆಯವರಿಗೂ ಬಡಿಸುತ್ತಿದ್ದರು. ಬಿಸಿಪಾತ್ರೆಯು ಮೇಜಿಗೆ ತಾಗದಂತೆ ಅಡಿಯಲ್ಲಿಡುವ ಬೆಳ್ಳಿಯ ಬಳೆಯು ಐರಿಷ್ ಅಕ್ಕಸಾಲಿಗರ ವಿಶೇಷ ಕೃತಿ. 19ನೆಯ ಶತಮಾನದಲ್ಲಿ ರಷ್ಯನ್ ಪದ್ಧತಿಯು ಬಂದಿತು; ಪರಿಚಾರಕರು ಒಂದೊಂದೇ ಭಕ್ಷ್ಯವನ್ನು ಕ್ರಮವಾಗಿ ತಂದು ಬಡಿಸತೊಡಗಿದರು. ಊಟವಾದ ಮೇಲೆ ಸ್ತ್ರೀಯರು ಎದ್ದು ಬೇರೆ ಕೋಣೆಗೆ ಹೋಗುವುದೂ, ಪುರುಷರು ದ್ರಾಕ್ಷಾಸವದೊಡನೆ ಅಲ್ಲಿಯೇ ಉಳಿಯುವುದೂ ಸಂಪ್ರದಾಯವಾಗಿದ್ದಿತು.

ಇನ್ನು ಗಾಲ್ವೇ ಸೀಮೆಯ ಕೂಲ್ ಎಂಬ ಮನೆಯನ್ನು ಉದಾಹರಿಸುತ್ತೇವೆ. ಅದರ ಯಜಮಾನಿ ಲೇಡಿ ಗ್ರೆಗರಿ (1852-1932). ಕವಿ ಯೇಟ್ಸನು 1897ರಿಂದ ಅನೇಕ ಬೇಸಗೆಗಳನ್ನು ಅಲ್ಲಿಯೇ ಕಳೆದು ಕಾವ್ಯರಚನೆ ಮಾಡಿದನು. ಅದೇ ವರ್ಷ, ಸಮುದ್ರತೀರದ ಡೂರಸ್ ಎಂಬ ಇನ್ನೊಂದು ಮನೆಯಲ್ಲಿ, ಮಳೆಯ ಒಂದು ಮಧ್ಯಾಹ್ನ ಈ ಇಬ್ಬರೂ ಎಡ್ವರ್ಡ್ ಮಾರ್ಟಿನ್ ಎಂಬವನೂ ಕುಳಿತು ಆಡಿದ ಮಾತಿನಿಂದಲೇ ಐರಿಷ್ ನಾಟಕಸಂಸ್ಥೆಯ ಸಂಕಲ್ಪವು ಹುಟ್ಟಿತು; 1904ರಲ್ಲಿ ಅದು ಡಬ್ಲಿನ್ನಿನ ಆ್ಯಬಿ ರಂಗಮಂದಿರವಾಗಿ ಫಲಿಸಿತು. ಅಲ್ಲಿಯ ನಟರಿಗಾಗಿ ಯಜಮಾನಿಯು ಬಾರ್ಮ್‌ಬ್ರ್ಯಾಕ್ ಎಂಬ, ಒಣದ್ರಾಕ್ಷಿ ಬೆರೆಸಿದ ದೊಡ್ಡ ರೊಟ್ಟಿಯನ್ನು ಊರಿನಿಂದ ಒಯ್ಯುತ್ತಿದ್ದಳು. ಯೇಟ್ಸ್, ಸಿಂಜ್, ಬರ್ನಾರ್ಡ್ ಷಾ ಮೊದಲಾದ ಅತಿಥಿಗಳು ಕೂಲಿನ ತೋಟದ ಬೀಚ್ ಮರವೊಂದರ ತೊಗಟೆಯಲ್ಲಿ ತಮ್ಮ ಹೆಸರಿನ ಅಕ್ಷರಗಳನ್ನು ಕೊರೆದಿದ್ದಾರೆ.

ಆದರೆ ಈ ಮನೆಗೆ ಇನ್ನೊಂದು ಚರಿತ್ರೆಯೂ ಉಂಟು. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. 1847ರಲ್ಲಿ, ಕಾಲು ಎಕರೆಗೆ, ಎಂದರೆ ಹತ್ತು ಗುಂಟೆಗೆ, ಮೀರಿ ಭೂಮಿಯುಳ್ಳವನಿಗೆ ಸರಕಾರದ ಅನ್ನವಿಲ್ಲವೆಂಬ ನಿಯಮವನ್ನು ಶಾಸನದಲ್ಲಿ ಸೇರಿಸಿದವನು ವಿಲಿಯಂ ಗ್ರೆಗರಿ. ಮುಂದೆ 1880ರಲ್ಲಿ ಲೇಡಿ ಗ್ರೆಗರಿಯ ಕೈಹಿಡಿದವನು ಇವನೇ. ಹೊಲವನ್ನು ಬಿಡಬೇಕು, ಇಲ್ಲವೆ ಹಸಿವಿನಿಂದ ಸಾಯಬೇಕು ಎಂಬುದೇ ರೈತನ ಪಾಲಿಗೆ ಇದರ ತಾತ್ಪರ್ಯವಾಯಿತು. ಅರ್ಧ ಶತಮಾನದ ಬಳಿಕ ಅವನ ಪತ್ನಿಯು ವರ್ಕ್‌ಹೌಸ್ ಎಂಬ ಬಡವರ ಆಶ್ರಯಶಾಲೆಗೆ ಹೋಗಿ, ಅಲ್ಲಿಯ ವೃದ್ಧರ ಬಾಯಿಂದ ಜನಪದ ಕಥೆಗಳನ್ನು ಕೇಳಿ ಬರೆದುಕೊಂಡಳು.

ತಿಳಿದವನಾಗಿ ಬರುವವನು ಅಭ್ಯಾಗತನು, ತಿಥಿಯನ್ನು ಗೊತ್ತುಮಾಡದೆ ಬಾಗಿಲಿಗೆ ಬರುವವನು ಅತಿಥಿಯು ಎಂಬುದು ನಮ್ಮಲ್ಲಿ ಹೇಳುವ ಭೇದ. ದೊಡ್ಡಮನೆಯ ಪಂಕ್ತಿಯು ಅಭ್ಯಾಗತರಿಗೆ ಸಂದಿತು. ಕ್ಷಾಮದ ಅತಿಥಿಯು ಹೊರಗೆ ಉಳಿದನು. ಆ ಪಂಕ್ತಿಯಿಂದ ಬಂದ ಸಾಹಿತ್ಯವು ಇದರಿಂದ ಕೀಳಾಗುವುದಿಲ್ಲ. ಆದರೆ ಸಾಹಿತ್ಯದ ಹಿರಿಮೆಯಿಂದ ಆ ಋಣವು ತೀರಿತೆನ್ನುವುದೂ ಯುಕ್ತವಲ್ಲ. ಪಾಠ ಹೇಳುವವರು ಎರಡನ್ನೂ ಹೇಳಬೇಕು.

ಕೂಲ್ ಮನೆಯನ್ನು 1941ರಲ್ಲಿ ಕೆಡವಿದರು. ಭೋಜನಶಾಲೆಯಿದ್ದ ಸ್ಥಳವು ಈಗ ಬಯಲು. ಹೆಸರು ಕೊರೆದ ಮರವು ಮಾತ್ರ ಇನ್ನೂ ನಿಂತಿದೆ.