ಎಡಗಾಲಿನ ಸುಟ್ಟ ಗುರುತು

ಹುಬ್ಬಳ್ಳಿ–ಧಾರವಾಡದ ಕಡೆ ಗಿರ್ಮಿಟ್ ಎಂದರೆ ಬಾಯಲ್ಲಿ ನೀರೂರುತ್ತದೆ. ಚುರುಮುರಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹುಣಸೆಹುಳಿಯ ಒಗ್ಗರಣೆ, ಪಕ್ಕಕ್ಕೊಂದು ಮಿರ್ಚಿ. ಫಿಜಿಯ ಭಾರತೀಯ ಮನೆಗಳಲ್ಲಿ ಇದೇ ಸದ್ದಿನ ಮಾತಿಗೆ ಬೇರೆಯದೇ ರುಚಿ. ಮುತ್ತಜ್ಜಂದಿರು ಹೆಬ್ಬೆಟ್ಟು ಒತ್ತಿದ ‘ಅಗ್ರಿಮೆಂಟ್’ ಕೂಲಿಗಳ ನಾಲಿಗೆಯಲ್ಲಿ ಸವೆದು ‘ಗಿರ್ಮಿಟ್’ ಆಯಿತು. ಅದಕ್ಕೆ ಒಪ್ಪಿ ಹಡಗು ಹತ್ತಿದವರು ಗಿರ್ಮಿಟಿಯಾಗಳಾದರು.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗುತ್ತಿದ್ದಂತೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1834ರಲ್ಲಿ ‘ಅಟ್ಲಾಸ್’ ಹಡಗು 36 ಕೂಲಿಗಳನ್ನು ಮಾರಿಷಸ್‌ಗೆ ತಲುಪಿಸಿತು. ಮುಂದೆ 1838ರಲ್ಲಿ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್, 1879ರಲ್ಲಿ ಫಿಜಿ. ಐದು ವರ್ಷದ ಕರಾರಿನ ಮೇಲೆ ಹೀಗೆ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಬಹುಪಾಲು ಜನ ವಾಪಸು ಬರಲಿಲ್ಲ. ಈಗ ಅವರ ನಾಲ್ಕನೆಯ, ಐದನೆಯ ತಲೆಮಾರು ‘ನಮ್ಮದು ಯಾವ ಊರು?’ ಎಂದು ಹುಡುಕುತ್ತಿದೆ.

ಈ ಹುಡುಕಾಟಕ್ಕೆ ನೆರವಾಗುತ್ತಿರುವುದು ಸರ್ಕಾರ ತನ್ನ ಅನುಕೂಲಕ್ಕೆಂದು ಬರೆದಿಟ್ಟ ಕಾಗದ. ಹಡಗು ಹತ್ತುವ ಮುನ್ನ ಕಲ್ಕತ್ತದ ಡಿಪೊದಲ್ಲಿ ಪ್ರತಿಯೊಬ್ಬರಿಗೂ ಒಂದು ವಲಸೆ ಪಾಸ್ ತಯಾರಾಗುತ್ತಿತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಹತ್ತಿರದ ಸಂಬಂಧಿ, ಎತ್ತರ, ಮೈಮೇಲಿನ ಗುರುತು. ಯಾರು ಎಲ್ಲಿಯ ಆಳು ಎಂದು ಪತ್ತೆಹಚ್ಚಲು ಬರೆದ ಮಚ್ಚೆ–ಗಾಯಗಳ ವಿವರವನ್ನೇ ಇಂದು ಮರಿಮಕ್ಕಳು ಅಜ್ಜನ ಭಾವಚಿತ್ರದಂತೆ ನೋಡುತ್ತಾರೆ. ಮಾರಿಷಸ್‌ನಲ್ಲಂತೂ 1860ರ ದಶಕದಿಂದ ಕೂಲಿಗಳ ಫೋಟೊವನ್ನೇ ತೆಗೆಯಲಾಯಿತು. ಆ ಕಡತಗಳು ಈಗ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ.

ಗಯಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತೆ ಗಾಯುತ್ರ ಬಹಾದೂರ್ ಅವರಿಗೆ ಮುತ್ತಜ್ಜಿ ಸುಜಾರಿಯಾ ಸಿಕ್ಕಿದ್ದು ಇಂಥದೇ ಒಂದು ಪಾಸ್‌ನಲ್ಲಿ. 1903ರಲ್ಲಿ ‘ಕ್ಲೈಡ್’ ಹಡಗು, ವಯಸ್ಸು 27, ಬ್ರಾಹ್ಮಣ ಜಾತಿ, ನಾಲ್ಕು ತಿಂಗಳ ಗರ್ಭಿಣಿ, ಎಡಗಾಲಿನಲ್ಲಿ ಸುಟ್ಟ ಗುರುತು. ಜೊತೆಯಲ್ಲಿ ಗಂಡನಿಲ್ಲ. ಸಮುದ್ರದ ನಡುವೆಯೇ ಆಕೆಗೆ ಗಂಡುಮಗು ಹುಟ್ಟಿತು. ಆ ಕೂಸೇ ಗಾಯುತ್ರ ಅವರ ಅಜ್ಜ. ಪಾಸ್‌ನಲ್ಲಿದ್ದ ಊರಿನ ಹೆಸರು ಹಿಡಿದು ಅವರು ಬಿಹಾರಕ್ಕೆ ಬಂದರು. ಆ ಅಲೆದಾಟವೆಲ್ಲ 2013ರಲ್ಲಿ ‘ಕೂಲಿ ವುಮನ್’ ಎಂಬ ಪುಸ್ತಕವಾಯಿತು.

ಹುಡುಕುವವರು ಹಿಂದಕ್ಕೆ ಹೆಜ್ಜೆ ಇಡಬೇಕು. ಮೊದಲು ಮನೆಯ ಹಿರಿಯರ ಮಾತು, ಆಮೇಲೆ ಅಪ್ಪನ ಜನನ ಪತ್ರ, ಅಜ್ಜನ ಮದುವೆ ಪತ್ರ. ಹಳೆಯ ದಾಖಲೆಗಳಲ್ಲಿ ಹೆಸರಿನ ಪಕ್ಕ ಒಂದು ಸಂಖ್ಯೆ ಕಂಡರೆ ಅರ್ಧ ಕೆಲಸ ಮುಗಿದಂತೆ. ಕರಾರು ಕೂಲಿಗೆ ಕೊಟ್ಟ ಆ ನಂಬರು ಹಡಗಿನ ಪಟ್ಟಿಗೆ ದಾರಿ ತೋರಿಸುತ್ತದೆ, ಪಟ್ಟಿ ಊರಿಗೆ. ಸಂಖ್ಯೆ ಇಲ್ಲದೆ ಬರೀ ಹೆಸರು ಹಿಡಿದು ಹೊರಟರೆ ಮಾತ್ರ ಕಷ್ಟ. ಒಂದೇ ಹಡಗಿನಲ್ಲಿ ಎಷ್ಟೋ ರಾಮರು, ಎಷ್ಟೋ ಲಕ್ಷ್ಮಿಯರು.

ಹೆಸರುಗಳ ಗೋಜಲು ಅಷ್ಟಕ್ಕೇ ನಿಲ್ಲುವುದಿಲ್ಲ. ಕೂಲಿ ಹೇಳಿದ್ದು ಒಂದು, ಗುಮಾಸ್ತನ ಕಿವಿಗೆ ಬಿದ್ದದ್ದು ಇನ್ನೊಂದು, ಇಂಗ್ಲಿಷ್ ಅಕ್ಷರದಲ್ಲಿ ಕೂತದ್ದು ಮತ್ತೊಂದು. ಕೋಲಾರದ ಕಡೆ ಮನೆಮಾತಾದ ಮುನಿಸ್ವಾಮಿ ದಕ್ಷಿಣ ಆಫ್ರಿಕಾದಲ್ಲಿ ‘ಮೂನ್‌ಸಾಮಿ’, ನಾಯ್ಡು ‘ನಾಯ್ಡೂ’. ಅಜ್ಜನ ಸ್ವಂತ ಹೆಸರು ಮೊಮ್ಮಕ್ಕಳ ಮನೆತನದ ಹೆಸರಾಗಿಬಿಟ್ಟ ಕುಟುಂಬಗಳಿಗೆ ಲೆಕ್ಕವಿಲ್ಲ.

ಈ ಕಥೆಯ ಒಂದು ಎಳೆ ಕನ್ನಡ ನಾಡಿಗೂ ತಾಗುತ್ತದೆ. ನಟಾಲ್‌ನ ಮೊದಲ ಹಡಗು ‘ಟ್ರೂರೊ’ ಹೊರಟಿದ್ದು ಮದರಾಸಿನಿಂದ; ಡರ್ಬನ್ ಸೇರಿದ್ದು 1860ರ ನವೆಂಬರ್ 16ರಂದು. 1911ರವರೆಗೆ ನಟಾಲ್‌ಗೆ ಹೋದ ಒಂದೂವರೆ ಲಕ್ಷ ಜನರಲ್ಲಿ ತಮಿಳರು, ತೆಲುಗರದೇ ದೊಡ್ಡ ಪಾಲು. ಆದರೆ ಹಡಗಿನ ಪಟ್ಟಿಗಳ ಊರಿನ ಕಾಲಂನಲ್ಲಿ ಆರ್ಕಾಟ್, ವಿಶಾಖಪಟ್ಟಣಗಳ ನಡುವೆ ಮೈಸೂರು, ಬೆಂಗಳೂರುಗಳೂ ಇಣುಕುತ್ತವೆ.

ಫಿಜಿಯ ಇತಿಹಾಸಕಾರ ಬ್ರಿಜ್ ವಿ. ಲಾಲ್ ಸ್ವತಃ ಗಿರ್ಮಿಟಿಯಾ ಒಬ್ಬರ ಮೊಮ್ಮಗ. ಅಜ್ಜನ ಊರು ಉತ್ತರಪ್ರದೇಶದ ಬಹ್ರೈಚ್ ಜಿಲ್ಲೆಯದು. ಕಲ್ಕತ್ತದಿಂದ ಫಿಜಿಗೆ ಬಂದ ನಲವತ್ತೈದು ಸಾವಿರಕ್ಕೂ ಹೆಚ್ಚು ಜನರ ಪಾಸ್‌ಗಳನ್ನು ಒಂದೊಂದಾಗಿ ಓದಿ, ಕಂಪ್ಯೂಟರಿಗೆ ಊಡಿ ಅವರು ಲೆಕ್ಕ ಹಾಕಿದರು. ಕೂಲಿಗಳೆಲ್ಲ ಕೆಳಜಾತಿಯವರು, ಪೇಟೆಯ ಪುಂಡರು ಎಂಬ ಹಳೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ಮೇಲು, ಮಧ್ಯಮ, ಕೆಳ ಎಂದು ಉತ್ತರ ಭಾರತದ ಹಳ್ಳಿಗಳ ಎಲ್ಲ ಜಾತಿಯವರೂ ಆ ಹಡಗುಗಳಲ್ಲಿದ್ದರು.

ಊರಿನ ಹೆಸರು ಕೈಗೆ ಬಂದರೂ ಊರು ಸಿಕ್ಕೀತೆಂಬ ಭರವಸೆಯಿಲ್ಲ. ಆಗಿನ ಜಿಲ್ಲೆಗಳು ಒಡೆದಿವೆ, ಠಾಣೆಗಳ ಗಡಿ ಸರಿದಿದೆ, ಒಂದೇ ಹೆಸರಿನ ನಾಲ್ಕಾರು ಹಳ್ಳಿಗಳಿವೆ. ಅದೃಷ್ಟವಿದ್ದವರಿಗೆ ಡೊಳ್ಳು–ಹಾರಗಳ ಸ್ವಾಗತ ಕಾದಿರುತ್ತದೆ. ಟ್ರಿನಿಡಾಡಿನ ಪ್ರಧಾನಿ ಕಮಲಾ ಪರ್ಸಾದ್ ಬಿಸೇಸರ್ 2012ರಲ್ಲಿ ಬಿಹಾರದ ಭೇಲುಪುರಕ್ಕೆ ಬಂದಾಗ ಊರಿಗೆ ಊರೇ ನೆರೆದಿತ್ತು. ಅವರ ಮುತ್ತಜ್ಜ ರಾಮ್ ಲಖನ್ ಮಿಶ್ರಾ ಆ ಊರು ಬಿಟ್ಟದ್ದು 1889ರಲ್ಲಿ.

ಸುಜಾರಿಯಾಳ ಪಾಸ್‌ನಲ್ಲಿ ಇಷ್ಟೆಲ್ಲ ಕಾಲಂಗಳಿದ್ದರೂ ಏಕೆ ಹೊರಟೆ ಎಂದು ಕೇಳುವ ಕಾಲಂ ಇಲ್ಲ. ವಿಧವೆಯೋ, ಗಂಡ ಬಿಟ್ಟವಳೋ, ಮೋಸ ಹೋದವಳೋ, ತಾನೇ ಮನೆಬಿಟ್ಟು ಬಂದವಳೋ? ಅದನ್ನು ಹೇಳುವ ಕಾಗದ ಯಾವ ದಾಖಲೆಮನೆಯಲ್ಲೂ ಸಿಗಲಿಲ್ಲ. ಮರಿಮಗಳು ಅಲ್ಲಿ ಕಥೆ ಕಟ್ಟಲು ಹೋಗಲಿಲ್ಲ. ಮುತ್ತಜ್ಜಿಯನ್ನು ಕೇಳಬೇಕಿದ್ದ ಪ್ರಶ್ನೆಗಳನ್ನೇ ಒಂದರ ಹಿಂದೊಂದು ಬರೆದು ಪುಸ್ತಕದಲ್ಲಿ ಹಾಗೆಯೇ ಬಿಟ್ಟಿದ್ದಾರೆ.